ಕುಡಿಯುವ ನೆಲ

ನೆಲ ಎನ್ನುವುದು ಕಾಲಿಗೆ ಸಿಗುವ ವಸ್ತು, ಬಾಯಿಗೆ ಬರುವಂಥದ್ದಲ್ಲ. ಆದರೆ ಪುತ್ತೂರು ಬಳಿಯ ಸವಣೂರು ಪೇಟೆ ದಾಟಿ, ಮಸೀದಿಯ ಪಕ್ಕದಲ್ಲಿ ಇಳಿದರೆ ಸಿಗುವ ಆದಂ ಕುಂಞಿಯವರ ಮನೆಯಲ್ಲಿ ಆ ಬೇಸಿಗೆ ಇಡೀ ಎಲ್ಲರ ಬಾಯಲ್ಲೂ ನೆಲವೇ. ಗಂಜಿಗೆ ಕೂತರೆ ನೆಲ, ಚಾಕ್ಕೆ ಕೂತರೆ ನೆಲ. ಒಣಮೀನಿನ ಚಟ್ನಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಲಿಕ್ಕೂ ಅವರ ಹೆಂಡತಿ ರುಖಿಯಮ್ಮನಿಗೆ ಎಡೆ ಸಿಗುತ್ತಿರಲಿಲ್ಲ.

ಶುರು ಮಾಡಿದ್ದು ಮಗ ಅಫ್ರೀದ್. ಶಾರ್ಜಾದಲ್ಲಿ ಅವನ ಕೆಲಸವೇ ಅದು, ದೊಡ್ಡವರ ಬಂಗಲೆಗಳಿಗೆ ಮರದ ನೆಲ ಹಾಸುವುದು. ಹಾಸಿ ಮುಗಿಸಿದ ಮೇಲೆ ಆ ನೆಲಕ್ಕೆ ಅವನೇ ಕಾಲಿಡುವಂತಿಲ್ಲ. ಯಜಮಾನರು ಬಂದು ನೋಡುವಾಗ ಹೊರಗೆ ಬಿಸಿಲಲ್ಲಿ ನಿಲ್ಲಬೇಕು. ಇದನ್ನು ಅವನು ನಗುತ್ತಲೇ ಹೇಳುತ್ತಿದ್ದ.

ಈ ಸಲ ರಜೆಯಲ್ಲಿ ಬಂದವನು, ತಂಗಿ ರಹ್ಮತ್‌ಳ ಬಾಣಂತನಕ್ಕೆಂದು ಖಾಲಿ ಮಾಡಿಟ್ಟಿದ್ದ ಮೂಲೆಕೋಣೆಗೆ ಹೋಗಿ ಬರಿಗಾಲಲ್ಲಿ ನಿಂತ.

"ಈ ನೆಲ ಬೆವರ್ತದೆ ಉಮ್ಮಾ. ಮಳೆ ಹಿಡಿದ ಮೇಲೆ ಇಲ್ಲಿ ಮಗುವನ್ನು ಮಲಗಿಸ್ಲಿಕ್ಕೆ ಆಗ್ತದಾ? ಮರ ಹಾಕುವ. ಮರ ಬೆಚ್ಚಗೆ ಇರ್ತದೆ."

"ನೀನು ಹುಟ್ಟಿದ್ದು ಸೆಗಣಿ ಸಾರಿಸಿದ ನೆಲದಲ್ಲಿ. ನಿಂಗೆ ಶೀತ ಆಗಿತ್ತಾ?"

"ಅದಕ್ಕೇ ಈಗಲೂ ಮೂಗು ಕಟ್ಟುದು ಮಾಮಿ," ಎಂದು ಸೊಸೆ ಸಫಿಯಾ ಬಾಗಿಲಲ್ಲಿ ನಿಂತು ಗಂಡನನ್ನು ಕೆಣಕಿದಳು.

"ನಗ್ಬೇಡಿ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬಾರ್ದು ಅಂತ ಉಂಟು."

ರುಖಿಯಮ್ಮ ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ರಹ್ಮತ್‌ಗೆ ಮದುವೆಯಾಗಿ ಏಳು ವರ್ಷ. ಎರಡು ಸಲ ನಿಂತದ್ದು ಉಳಿಯಲಿಲ್ಲ. ಈ ಸಲ ಆರು ತಿಂಗಳು ದಾಟಿದೆ ಎನ್ನುವುದನ್ನು ಗಟ್ಟಿಯಾಗಿ ಹೇಳಲಿಕ್ಕೂ ರುಖಿಯಮ್ಮನಿಗೆ ಹೆದರಿಕೆ. ಏಳರಲ್ಲಿ ಮಗಳನ್ನು ತವರಿಗೆ ಕರೆತರುವುದು ಕ್ರಮ. ಅಷ್ಟರೊಳಗೆ ನೆಲ ಮುಗಿಯಬೇಕು ಎಂದು ಅಫ್ರೀದ್ ಹಟ ಹಿಡಿದ.

ಮರ ಆರಿಸಲಿಕ್ಕೆ ಎಲ್ಲರೂ ಪುತ್ತೂರಿಗೆ ಹೋದರು. ಅಂಗಡಿಯವನು ಹಲಗೆಯ ತುಂಡುಗಳನ್ನು ಇಸ್ಪೀಟಿನ ಎಲೆ ಹರಡಿದ ಹಾಗೆ ಮೇಜಿನ ಮೇಲೆ ಹರಡಿದ. ಸಫಿಯಾಗೆ ತೇಗದ ಬಣ್ಣದ್ದೊಂದು ಭಾರೀ ಹಿಡಿಸಿತು. ಆದಂ ಕುಂಞಿ ಅದನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಅವರು ಜೀವಮಾನವಿಡೀ ಮರದ ವ್ಯಾಪಾರ ಮಾಡಿದವರು. ಡಿಪೋ ಮುಚ್ಚಿ ವರ್ಷಗಳಾದರೂ ದಾರಿಯಲ್ಲಿ ಮರ ಕಂಡರೆ ಈಗಲೂ ಅಪ್ಪಿಕೊಂಡು ಸುತ್ತಳತೆ ನೋಡುವವರು.

"ಇದು ಮರವಾ? ಮೇಲೆ ಅಂಟಿಸಿದ್ದು ಕಾಗದ. ಒಳಗೆ ಗಂಜಿಯ ಹಾಗೆ ಹೊಟ್ಟು. ನನ್ನ ಮನೆಗೆ ಇದನ್ನು ಹಾಕಿದ್ರೆ ಪೇಟೆಯಲ್ಲಿ ನಗ್ತಾರೆ."

"ಉಪ್ಪಾ, ಅಪ್ಪಟ ಮರವೇ ಬೇಕಾದ್ರೆ ಎಲ್ಲಿಂದ ತರುದು?"

"ಕೊಟ್ಟಿಗೆಯಲ್ಲಿ ಎಂತ ಉಂಟು ಅಂತ ಮರ್ತು ಹೋಯ್ತಾ ನಿಂಗೆ?"

ಕೊಟ್ಟಿಗೆಯಲ್ಲಿ ಇದ್ದದ್ದು ಹಳೇ ಮನೆಯ ಮಾಡಿನಡಿಯ ಮುಚ್ಚಿಗೆಯ ಹಲಗೆಗಳು. ಒಳ್ಳೆ ಹೆಬ್ಬಲಸು. ಹಳೇ ಮನೆ ಕೆಡವಿದಾಗ ಆದಂ ಕುಂಞಿ ಒಂದು ಮೊಳೆಯನ್ನೂ ಬಿಡದೆ ಕಿತ್ತು ಒಟ್ಟಿಟ್ಟಿದ್ದರು. ಅಫ್ರೀದನ ಮುಖ ಅರಳಿತು. ಅಜ್ಜನ ತಲೆಯ ಮೇಲೆ ಇದ್ದದ್ದು ಮಗುವಿನ ಬೆನ್ನ ಕೆಳಗೆ ಬರ್ತದೆ ಎಂದು ಬಸ್ಸಿನಲ್ಲಿ ದಾರಿಯುದ್ದ ಹೇಳಿದ. ರುಖಿಯಮ್ಮನಿಗೂ ಕೇಳಲು ಚಂದ ಅನ್ನಿಸಿತು. ಸುಳ್ಳು ಯಾಕೆ ಹೇಳಬೇಕು, ಆ ದಿನ ಅವಳಿಗೂ ಆಸೆ ಹುಟ್ಟಿತ್ತು.

ಒಟ್ಟಿದ್ದ ಹಲಗೆ ಇಳಿಸಿದಾಗ ಮೇಲಿನವು ಕಲ್ಲಿನ ಹಾಗಿದ್ದವು. ಅಡಿಯದ್ದಕ್ಕೆ ಆದಂ ಕುಂಞಿ ಕೈ ಹಾಕಿದರೆ ಅದು ಹಪ್ಪಳದ ಹಾಗೆ ಮುರಿಯಿತು. ಒಳಗೆಲ್ಲ ಗೆದ್ದಲಿನ ಮಣ್ಣು. ಅವರು ಮುರಿದ ತುಂಡನ್ನು ಬದಿಗಿಟ್ಟು ಉಳಿದವನ್ನು ಒಂದೊಂದಾಗಿ ಬಡಿದು ನೋಡಿದರು. ಮೂಲೆಕೋಣೆಯ ಹಳೇ ಸಿಮೆಂಟು ಒಡೆದು ತೆಗೆದಾಗ ಅಲ್ಲಿಯೂ ಗೋಡೆಯ ಬುಡದಲ್ಲಿ ಗೆದ್ದಲು ಸಾಲು ಹಿಡಿದು ಏರಿತ್ತು.

"ಮದ್ದು ಬಿಡದೆ ಮರ ಹಾಕಿದ್ರೆ ಎರಡು ವರ್ಷ ಬರ್ಲಿಕ್ಕಿಲ್ಲ," ಎಂದು ಅಫ್ರೀದ್ ಪುತ್ತೂರಿನಿಂದ ಗೆದ್ದಲಿಗೆ ಮದ್ದು ಬಿಡುವ ಯಜ್ಞೇಶ್ವರನನ್ನು ಕರೆಸಿದ.

ಯಜ್ಞೇಶ್ವರ ಬಂದ, ಕೋಣೆ ನೋಡಿದ, ಗೋಡೆ ತಟ್ಟಿದ. ಆಮೇಲೆ ನೀರು ಕೇಳಿಕೊಂಡು ಅಡುಗೆಮನೆಗೆ ಬಂದವನು ಕಿಟಕಿಯಿಂದ ಹೊರಗೆ ಇಣುಕಿ ಹಾಗೇ ನಿಂತುಬಿಟ್ಟ.

"ಇದೆಂತ ಮಾರಾಯ್ರೆ! ಬಾವಿ ಮನೆಯ ಹೊಟ್ಟೆಯಲ್ಲೇ ಉಂಟಲ್ಲಾ!"

ಹೌದು, ಹಾಗೇ ಇತ್ತು. ರುಖಿಯಮ್ಮ ಮಳೆಯಲ್ಲಿ ನೆನೆಯದೆ ಅಡುಗೆಮನೆಯ ಕಿಟಕಿಯಿಂದಲೇ ನೀರು ಸೇದಲಿ ಎಂದು, ಮನೆ ಕಟ್ಟಿಸುವಾಗ ಆದಂ ಕುಂಞಿಯವರೇ ಗೋಡೆಯನ್ನು ಬಾವಿಗೆ ತಾಗಿಸಿದ್ದರು. ಪ್ರೀತಿಗೆ ಮಾಡಿದ್ದು. ಬಾವಿಯ ಒಂದು ಬದಿಗೆ ಅಡುಗೆಮನೆ, ಇನ್ನೊಂದು ಬದಿಗೆ ಮೂಲೆಕೋಣೆ.

"ಈ ಕೆಂಪುಕಲ್ಲಿನ ನೆಲದಲ್ಲಿ ಎಲ್ಲಿ ಬಿಟ್ಟ ನೀರು ಎಲ್ಲಿ ಏಳ್ತದೆ ಅಂತ ದೇವರಿಗೇ ಗೊತ್ತು," ಎಂದ ಯಜ್ಞೇಶ್ವರ. "ನಾನು ಮಾಡುದಿಲ್ಲ. ಟೈಲ್ಸ್ ಹಾಕಿ, ಸುಖವಾಗಿರಿ."

ಅವನು ಹೋದ ಮೇಲೆ ರುಖಿಯಮ್ಮ ಮೀನು ಕತ್ತರಿಸುತ್ತಾ, "ಸರಿ, ಮುಗೀತಲ್ಲ. ಟೈಲ್ಸೇ ಆಗ್ಲಿ," ಎಂದಳು.

"ಅವನಿಗೆ ಪುಕ್ಕಲು," ಎಂದರು ಆದಂ ಕುಂಞಿ. "ಡಿಪೋದಲ್ಲಿ ಎಷ್ಟು ವರ್ಷ ನಾನೇ ಕೈಯಾರೆ ಮದ್ದು ಬಳಿದಿದ್ದೇನೆ, ಬನಿಯನ್ ಹಾಕ್ಕೊಂಡು, ಕೈಗೆ ಒಂದು ಚೀಲವೂ ಇಲ್ಲದೆ. ನಂಗೆಂತ ಆಯ್ತು? ಗಟ್ಟಿಮುಟ್ಟಾಗಿ ಇಲ್ವಾ?"

"ನೀವು ಬಳಿದದ್ದು ಮರಕ್ಕೆ. ಇದು ನೆಲಕ್ಕೆ."

"ಗಂಡಸರ ಕೆಲಸಕ್ಕೆ ನೀನು ಬರ್ಬೇಡ."

ಮರುದಿನ ಅವರು ಹೆಂಗಸರಿಬ್ಬರನ್ನೂ ಈಶ್ವರಮಂಗಲಕ್ಕೆ, ರುಖಿಯಮ್ಮನ ತಮ್ಮ ಸಾಹುಲ್ ಹಮೀದನ ಮನೆಗೆ ಕಳಿಸಿದರು. ಎಷ್ಟು ಸಮಯವಾಯಿತು ನೀನು ತವರಿಗೆ ಹೋಗದೆ, ಹೋಗಿ ಬಾ ಎಂದು ಅವರೇ ಒತ್ತಾಯ ಮಾಡಿದಾಗ ರುಖಿಯಮ್ಮನಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಖುಷಿಯೇ ಆಯಿತು.

ಸಂಜೆ ಬರುವಷ್ಟರಲ್ಲಿ ಕೋಣೆಯ ಗೋಡೆಯ ಬುಡದಲ್ಲಿ ಉದ್ದಕ್ಕೆ ತೂತುಗಳು. ಎಲ್ಲಕ್ಕೂ ಸಿಮೆಂಟು ಮೆತ್ತಿತ್ತು. ಊಟಕ್ಕೆ ಕೂತಾಗ ಅಫ್ರೀದ್ ತಾನಾಗಿಯೇ ಹೇಳಿದ.

"ಉಪ್ಪನ ಡಿಪೋದ ಹಳೇ ಕ್ಯಾನು ಇತ್ತಲ್ಲ ಉಮ್ಮಾ, ಅದನ್ನೇ ನೀರಿಗೆ ಬೆರೆಸಿ ಬಿಟ್ಟದ್ದು. ಎಲ್ಲಾ ತೂತು ಸ್ವಲ್ಪ ಸ್ವಲ್ಪ ಕುಡೀತು. ಆ ಮೂಲೆಯದ್ದು ಮಾತ್ರ ಸುರಿದಷ್ಟೂ ಕುಡೀತಾ ಇತ್ತು! ತುಂಬುದೇ ಇಲ್ಲ. ಒಳ್ಳೆ ಹಿಡೀತು."

ರುಖಿಯಮ್ಮನ ಕೈಯ ತುತ್ತು ತಟ್ಟೆಯಲ್ಲೇ ಉಳಿಯಿತು.

"ಯಾವ ಮೂಲೆ?"

"ಬಾವಿ ಬದಿಯದ್ದು."

"ಅಷ್ಟು ಕುಡಿದದ್ದು ಎಲ್ಲಿಗೆ ಹೋಯ್ತು?"

"ನೆಲಕ್ಕೆ."

"ನೆಲದಿಂದ ಎಲ್ಲಿಗೆ?"

"ಸಾಕು, ಉಣ್ಣು," ಎಂದರು ಆದಂ ಕುಂಞಿ. "ಪೊಲೀಸಿನವರ ಹಾಗೆ ಎಂತ ವಿಚಾರಣೆ!"

ಆಮೇಲೆ ನೆಲದ ಕೆಲಸ ಬಿರುಸಿನಿಂದ ಸಾಗಿತು. ಹಲಗೆಗಳು ಮಿಲ್ಲಿಗೆ ಹೋಗಿ ನಯವಾಗಿ, ಒಂದರ ಅಂಚು ಇನ್ನೊಂದರೊಳಗೆ ಕೂರುವಂತೆ ತಯಾರಾಗಿ ಬಂದವು. ಬಂದ ಕೂಡಲೇ ಹಾಸುವಂತಿಲ್ಲವಂತೆ. ಮರ ಮೊದಲು ಆ ಕೋಣೆಯ ಗಾಳಿ ಕುಡಿಯಬೇಕಂತೆ. ಇಲ್ಲದಿದ್ದರೆ ಹಾಸಿದ ಮೇಲೆ ಮುನಿಸಿಕೊಂಡು ಬಾಗುತ್ತದೆ ಎಂದು ಅಫ್ರೀದ್ ಅವನ್ನು ಕೋಣೆಯೊಳಗೇ ಒಂದು ವಾರ ಮಲಗಿಸಿಟ್ಟ. ಕಡೆಗೆ ಪಾಲಿಶ್ ಹಾಕಿದ. ನೆಲ ಹೊಳೆಯಿತು, ಮುಖ ಕಾಣುವಷ್ಟು. ಅವನು ಅಂಗಾತ ಮಲಗಿ ಕೈಕಾಲು ಚಾಚಿದ. "ಮೊದಲ ಸಲ ಉಮ್ಮಾ," ಎಂದ. ಆ ಒಂದು ಮಾತಿಗೆ ರುಖಿಯಮ್ಮ ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡಳು.

ರಹ್ಮತ್ ಬಂದಳು. ಕಾರಿನಿಂದ ಇಳಿದವಳು ಕೋಣೆ ನೋಡಲಿಲ್ಲ, ನೇರ ಅಡುಗೆಮನೆಗೆ ಹೋಗಿ ಕೊಡಪಾನದಿಂದ ಎರಡು ಲೋಟ ನೀರು ಗಟಗಟ ಕುಡಿದಳು.

"ಯಾ ಅಲ್ಲಾಹ್, ಈಗ ಹೊಟ್ಟೆ ತಂಪಾಯ್ತು! ಮಂಗಳೂರಿನ ಫ್ಲಾಟಿನಲ್ಲಿ ಬೋರಿನ ನೀರು ಕುಡಿದು ಕುಡಿದು ನಾಲಿಗೆ ಸತ್ತು ಹೋಗಿದೆ ಉಮ್ಮಾ. ಕನಸಲ್ಲೂ ನಮ್ಮ ಬಾವಿ ಬರ್ತದೆ."

ರುಖಿಯಮ್ಮ ನಕ್ಕಳು. ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದಳು. ಮಾರನೇ ಬೆಳಿಗ್ಗೆ ಎಂದಿನಂತೆ ಕಿಟಕಿ ತೆರೆದು ರಾಟೆಗೆ ಹಗ್ಗ ಹಾಕಿ ಸೇದಿದಳು. ಕೊಡಪಾನ ಎತ್ತಿ ಇಡುವಾಗ ಎಂತದೋ ಒಂದು ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಬೆಂಕಿಕಡ್ಡಿಯಂಥ ವಾಸನೆ, ಅದರ ಹಿಂದೆ ಇನ್ನೊಂದು ಸಿಹಿ ಸಿಹಿ. ಒಂದು ಕ್ಷಣ. ಮತ್ತೆ ಮೂಸಿದರೆ ಇಲ್ಲ.

"ಸಫಿಯಾ, ಈ ನೀರು ಮೂಸಿ ನೋಡು."

"ಎಂತದೂ ಇಲ್ಲ ಮಾಮಿ. ಮನೆಯಿಡೀ ಪಾಲಿಶಿನ ವಾಸನೆ ತುಂಬಿದೆ. ನೀರಿಗೂ ಅದೇ ಬರುದು ನಿಮಗೆ."

ಇರಬಹುದು ಅಂದುಕೊಂಡಳು. ಆದರೆ ಆ ವಾಸನೆ ಅವಳಿಗೆ ಹೊಸದಲ್ಲ. ಎಲ್ಲಿಯದು, ಎಲ್ಲಿಯದು ಎಂದು ಪತ್ತಿರ್ ರೊಟ್ಟಿ ತಟ್ಟುತ್ತಾ, ಮೀನು ತೊಳೆಯುತ್ತಾ ತಲೆ ಕೆರೆದುಕೊಂಡಳು. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ದೂರದಲ್ಲಿ ಗೇರುಗುಡ್ಡ ಕಂಡಿತು. ವಾಸನೆ ಎಲ್ಲಿಯದೆಂದು ಹೊಳೆಯಿತು.

ಆಗ ಅವಳು ಈ ಮನೆಗೆ ಹೊಸ ಸೊಸೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಡುತ್ತಿದ್ದ ಕಾಲ. ಮೊದಲ ದಿನ ಮೈಕಿನ ಜೀಪು ಬಂದು, ಬಾವಿ ಮುಚ್ಚಿ ಎಂದು ಕೂಗಿ ಹೋಗುತ್ತಿತ್ತು. ಅವಳೂ ಗುಡ್ಡದ ಓರೆಯ ಮನೆಯ ಪೂವಮ್ಮನೂ ತೆಂಗಿನ ಮಡಲು ಹೊತ್ತು ತಂದು ಬಾವಿಗಳಿಗೆ ಹೊದೆಸುತ್ತಿದ್ದರು. ಮಕ್ಕಳೆಲ್ಲ ಹೋ ಎಂದು ಹೆಲಿಕಾಪ್ಟರ್ ನೋಡಲು ಓಡುತ್ತಿದ್ದವು. ಆ ಬೆಳಗುಗಳ ವಾಸನೆ ಅದು. ಪೂವಮ್ಮನ ಮಗಳು ಚಿತ್ರಾಕ್ಷಿ ಹುಟ್ಟಿದ್ದು ಆ ವರ್ಷಗಳಲ್ಲೇ. ಇವತ್ತಿಗೂ ಚಾಪೆಯ ಮೇಲೆ ಮಲಗಿದಲ್ಲೇ ಇದ್ದಾಳೆ. ಕತ್ತು ಎತ್ತಲಾರಳು, ತುತ್ತು ಬಾಯಿಗಿಟ್ಟರೆ ಅರ್ಧ ಹೊರಗೆ ಬರುತ್ತದೆ.

ರುಖಿಯಮ್ಮ ಒಂದು ಬಾಟಲಿಯಲ್ಲಿ ಬಾವಿನೀರು ತುಂಬಿಸಿ ಸೆರಗಿನಡಿ ಇಟ್ಟುಕೊಂಡು ಪೂವಮ್ಮನ ಮನೆಗೆ ಹತ್ತಿದಳು. ಪೂವಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಎಡಗೈ ಕತ್ತಿನ ಅಡಿಯಲ್ಲಿ.

"ಇದನ್ನು ಸ್ವಲ್ಪ ಮೂಸಿ ಪೂವಮ್ಮಕ್ಕ. ಎಂತ ವಾಸನೆ ಹೇಳಿ."

ಪೂವಮ್ಮ ಮೂಸಿದರು. ಬಾಟಲಿಯ ಮುಚ್ಚಳ ಹಾಕಿ ಮಗಳಿಂದ ದೂರಕ್ಕೆ ಸರಿಸಿದರು.

"ನನ್ನ ಮೂಗು ನಂಬಬೇಡಿ ರುಖಿಯಮ್ಮ. ನಂಗೆ ಆ ವಾಸನೆ ಯಾವ ನೀರಲ್ಲೂ ಬರ್ತದೆ, ಮಳೆನೀರಲ್ಲೂ ಬರ್ತದೆ. ನಿಮ್ಮ ಬಾವಿಯಲ್ಲಿ ಮೀನು ಉಂಟಲ್ಲ? ಅದನ್ನು ಕೇಳಿ."

ಬಾವಿಯಲ್ಲಿ ಎರಡು ಮುಗುಡು ಮೀನು ಇದ್ದವು. ಸೊಳ್ಳೆ ಆಗದಿರಲಿ ಎಂದು ಬಿಟ್ಟದ್ದು. ಅನ್ನದ ಅಗುಳು ಉದುರಿಸಿದರೆ ಮೀಸೆ ಆಡಿಸಿಕೊಂಡು ಮೇಲೆ ಬರುತ್ತಿದ್ದವು. ಗಂಟೆಗಟ್ಟಲೆ ಮನೆಯಿಡೀ ನೆಲದ ಮಾತಾಡುತ್ತಿದ್ದ ದಿನಗಳಲ್ಲಿ ಅವನ್ನು ವಿಚಾರಿಸಲು ಅವಳಿಗೆ ಪುರುಸೊತ್ತು ಆಗಿರಲಿಲ್ಲ. ಈಗ ಬಂದು ಅಗುಳು ಉದುರಿಸಿದಳು. ಬಿಳಿ ಅಗುಳು ಕಪ್ಪು ನೀರಿನ ಮೇಲೆ ತೇಲಿದವು. ತೇಲುತ್ತಲೇ ಇದ್ದವು.

"ಮೀನು ಎಲ್ಲಿ?" ಎಂದು ಗಂಡನನ್ನು ಕೇಳಿದಳು.

"ಎಲ್ಲಿರ್ತದೆ? ಬಿಸಿಲಿಗೆ ತಳಕ್ಕೆ ಹೋಗಿರ್ತದೆ," ಎಂದರು ಆದಂ ಕುಂಞಿ, ತಲೆ ಎತ್ತದೆ.

ಆ ದಿನದಿಂದ ರುಖಿಯಮ್ಮ ರಹ್ಮತ್‌ಳಿಗೆ ಜೀರಿಗೆ ಹಾಕಿ ಕುದಿಸಿದ ನೀರು ಕೊಡಲು ಶುರು ಮಾಡಿದಳು. ಕುದಿಸಿದರೆ ಎಲ್ಲವೂ ಹೋಗುತ್ತದೆ ಎಂದು ಅವಳ ಲೆಕ್ಕ. ರಹ್ಮತ್ ಮೂಗು ಮುರಿದಳು. "ಬಿಸಿನೀರು ಕುಡಿಯುದಾದ್ರೆ ನಾನು ಇಲ್ಲಿಗೆ ಬರ್ಬೇಕಿತ್ತಾ?" ಎಂದು, ಅಮ್ಮ ಆಚೆ ಹೋದ ಕೂಡಲೇ ಕೊಡಪಾನಕ್ಕೆ ಲೋಟ ಮುಳುಗಿಸಿದಳು. ಆ ಸದ್ದು ಹಿತ್ತಲಲ್ಲಿದ್ದ ರುಖಿಯಮ್ಮನಿಗೆ ಕೇಳುತ್ತಿತ್ತು. ಓಡಿ ಬಂದು ಕಿತ್ತುಕೊಳ್ಳಬೇಕು ಅನ್ನಿಸುತ್ತಿತ್ತು. ಕಿತ್ತುಕೊಂಡು ಎಂತ ಹೇಳುವುದು? ನಿನ್ನ ಅಣ್ಣ ನಿನಗೆ ವಿಷ ಹಾಕಿದ ಎಂದೇ? ಬರೀ ಒಂದು ವಾಸನೆ ಹಿಡಿದುಕೊಂಡು? ಹೀಗೆ ಇವತ್ತು, ನಾಳೆ ಎಂದು ದಿನ ಹೋಯಿತು. ಆ ದಿನಗಳ ಪಾಲು ತನ್ನ ತಲೆಯ ಮೇಲೂ ಉಂಟು ಎಂದು ಅವಳು ಆಮೇಲೆ ಎಷ್ಟು ಅತ್ತರೂ ಅದು ಇಳಿಯಲಿಲ್ಲ.

ಮಾತು ಎತ್ತಿದ್ದು ಸಫಿಯಾ, ಅದೂ ತಮಾಷೆಗೆ.

"ಮಾಮಿ, ಮಾವನಿಗೆ ನಮ್ಮ ಚಾ ರುಚಿಸುದಿಲ್ಲ ಈಗ. ಮಸೀದಿ ಹತ್ತಿರದ ಹೋಟೆಲಿನ ಚಾವೇ ಆಗ್ಬೇಕು. ನೀರು ಸಹ ಅಲ್ಲಿಂದಲೇ ಬಾಟಲಿಯಲ್ಲಿ ತರ್ತಾರೆ. ಹೋಟೆಲಿನಲ್ಲಿ ಎಂತ ಸಕ್ಕರೆ ಉಂಟೋ!"

ರುಖಿಯಮ್ಮ ಕಾಯಿ ತುರಿಯುವುದನ್ನು ನಿಲ್ಲಿಸಿದಳು. ಈಗ ಒಂದೊಂದೇ ನೆನಪಿಗೆ ಬಂತು. ಊಟದ ಹೊತ್ತಿಗೆ ಅವರ ಲೋಟ ತುಂಬಿದ್ದು ತುಂಬಿದ ಹಾಗೇ ಇರುವುದು. ಗ್ಯಾಸ್ಟ್ರಿಕ್ ಎಂದು ಬೆಳಗಿನ ಗಂಜಿ ಬಿಟ್ಟದ್ದು. ಕೋಣೆಯ ಕಿಟಕಿಯಲ್ಲಿ ಅವರ ಬಾಟಲಿ, ಯಾರೂ ಮುಟ್ಟದ ಹಾಗೆ ಟೋಪಿಯ ಹಿಂದೆ.

ಅವಳು ಶುಕ್ರವಾರ ಜುಮಾ ಮುಗಿಸಿ ಗಂಡಸರು ಬರುವಷ್ಟರಲ್ಲಿ ತುಪ್ಪದ ನೈಚೋರು, ಕೋಳಿಸಾರು ಮಾಡಿದಳು. ಹೊಸ ನೆಲದ ಮೇಲೆ ಊಟದ ಸುಪ್ರ ಹಾಸಿ, ಇವತ್ತು ಎಲ್ಲರೂ ಇಲ್ಲೇ ಉಣ್ಣುವ ಎಂದಳು. ಅಫ್ರೀದನ ಸಂತೋಷ ನೋಡಬೇಕಿತ್ತು. ಹಲಗೆಯನ್ನು ಅಂಗೈಯಿಂದ ಸವರುತ್ತಾ ಕೂತ. ರಹ್ಮತ್ ಗೋಡೆಗೆ ಒರಗಿ ಕಾಲು ಚಾಚಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು.

ರುಖಿಯಮ್ಮ ಒಂದೇ ಒಂದು ಲೋಟ ನೀರು ತಂದು ಗಂಡನ ಮುಂದೆ ಇಟ್ಟಳು.

"ಕುಡೀರಿ."

"ಈಗ ಬೇಡ. ಊಟ ಆಗ್ಲಿ."

"ಬಿಸಿಲಲ್ಲಿ ಬಂದಿದ್ದೀರಿ. ಬಿಸ್ಮಿ ಹೇಳಿ ಒಂದು ಗುಟುಕು ಕುಡೀರಿ."

"ಬೇಡ ಅಂದೆನಲ್ಲ ಮಾರಾಯ್ತಿ, ಎಂತ ನಿನ್ನ ಹಟ?"

"ಸೇದಿದ್ದು ನಾನೇ. ಹೆಂಡತಿ ಕೈಯ ನೀರು ಬೇಡವಾ ನಿಮಗೆ?"

ಆದಂ ಕುಂಞಿ ಲೋಟ ಎತ್ತಿದರು. ತುಟಿಯವರೆಗೆ ತಂದರು. ಕೆಳಗಿಟ್ಟರು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅಫ್ರೀದ್ ಮುಖ ಎತ್ತಿ ಒಮ್ಮೆ ಉಪ್ಪನನ್ನೂ ಒಮ್ಮೆ ಉಮ್ಮನನ್ನೂ ನೋಡಿದ.

"ಅವರಿಗೆ ಬೇಡದಿದ್ರೆ ನಂಗೆ ಕೊಡಿ. ಬಾಯಾರಿ ಸಾಯ್ತಾ ಇದ್ದೇನೆ," ಎಂದು ನಗುತ್ತಾ ರಹ್ಮತ್ ಕೈ ಚಾಚಿ ಲೋಟ ತೆಗೆದುಕೊಂಡಳು.

ಆದಂ ಕುಂಞಿ ಇಡೀ ಮೈಯಿಂದ ಮುಂದಕ್ಕೆ ಬಾಗಿ ಅವಳ ಕೈಗೆ ಬಡಿದರು. ಲೋಟ ಹಾರಿ ಗೋಡೆಗೆ ತಾಗಿ ಬಿತ್ತು. ನೀರು ಹೊಳೆಯುವ ಹಲಗೆಗಳ ಮೇಲೆ ಹರಡಿ, ಒಂದು ಗೆರೆಯಾಗಿ ಬಾವಿ ಬದಿಯ ಮೂಲೆಗೆ ಹರಿದು, ಸಂದಿಯಲ್ಲಿ ಇಳಿದುಹೋಯಿತು.



"ಮೀನು ಎಲ್ಲಿ?" ಎಂದಳು ರುಖಿಯಮ್ಮ.

"ಸತ್ತಿತ್ತು," ಎಂದರು ಅವರು, ತೀರಾ ಸಣ್ಣ ಸ್ವರದಲ್ಲಿ. "ಮದ್ದು ಬಿಟ್ಟ ಮರುದಿನವೇ. ಸುಬುಹಿ ನಮಾಜಿಗೆ ಹೋಗುವಾಗ ನೋಡಿದೆ. ನುಗ್ಗೆ ಬುಡದಲ್ಲಿ ಹೂತೆ. ಬೇಸಿಗೆಯಲ್ಲಿ ನೀರು ಕಮ್ಮಿ, ಬಿಸಿಗೆ ಸತ್ತಿರ್ಬಹುದು ಅಂತ... ಸ್ವಲ್ಪ ದಿನ ನೋಡುವ ಅಂತ ಇದ್ದೆ."

"ನೋಡುವ ಅಂತಾ?"

"ನೋಡುವ ಅಂತ."

"ಯಾರ ಹೊಟ್ಟೆಯಲ್ಲಿ ನೋಡುವ ಅಂತ ಇದ್ರಿ?"

ಸಫಿಯಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ರಹ್ಮತ್‌ಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ. ಪೆಟ್ಟು ತಿಂದ ಕೈಯನ್ನು ಹಿಡಿದುಕೊಂಡು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದಳು.

"ಉಪ್ಪಾ," ಎಂದ ಅಫ್ರೀದ್. "ಆ ಕ್ಯಾನಿನಲ್ಲಿ ಹೆಸರು ಅಳಿಸಿ ಹೋಗಿತ್ತು. ನಾನು ಕೇಳಿದೆ ನಿಮ್ಮ ಹತ್ತಿರ. ಗೆದ್ದಲಿನದ್ದೇ ಅಂದ್ರಿ. ಎಲ್ಲಿಂದ ತಂದದ್ದು ಅದು?"

"ಡಿಪೋಕ್ಕೆ ಅಂತ ತಂದದ್ದು. ಹಳತು."

"ಎಲ್ಲಿಂದ?"

"ಗೇರು ತೋಟದ ಕಡೆಯಿಂದ," ಎಂದರು ಆದಂ ಕುಂಞಿ. "ಹೆಲಿಕಾಪ್ಟರ್ ನಿಂತ ವರ್ಷ ಯಾರೋ ತಂದು ಮಾರಿದ್ದು. ಆಗ ಎಲ್ಲರೂ ತೆಗೊಂಡ್ರು. ಒಂದು ಹುಳ ಬರ್ಲಿಲ್ಲ ಮರಕ್ಕೆ, ಅಷ್ಟು ಒಳ್ಳೆದಿತ್ತು."

ರುಖಿಯಮ್ಮ ಎದ್ದು ಹಿತ್ತಲಿಗೆ ಹೋದಳು. ಬಿದ್ದಿದ್ದ ಮಡಲುಗಳನ್ನು ಎಳೆದು ತಂದು ಬಾವಿಯ ಮೇಲೆ ಒಂದರ ಮೇಲೊಂದು ಹಾಕಿದಳು. ಅಫ್ರೀದ್ ಬಂದು ಕೈಹಾಕಿದ. ಅವಳು ಬೇಡ ಎನ್ನಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಮೂವತ್ತು ವರ್ಷದ ಹಿಂದೆ ಮೇಲಿಂದ ಬರುವುದಕ್ಕೆ ಮುಚ್ಚಿದ ಬಾವಿಯನ್ನು ಈಗ ಕೆಳಗಿಂದ ಬಂದದ್ದಕ್ಕೆ ಮುಚ್ಚುತ್ತಿದ್ದೇನೆ ಎಂದು ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಅದೇ ಸಂಜೆ ಪುತ್ತೂರಿನ ಆಸ್ಪತ್ರೆಗೆ ಹೋದರು. ಅಫ್ರೀದ್ ಖಾಲಿ ಕ್ಯಾನನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ಡಾಕ್ಟರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಒಂದು ಅಕ್ಷರವೂ ಉಳಿದಿರಲಿಲ್ಲ. ಗೇರು ತೋಟ ಎಂದು ಕೇಳಿದ ಮೇಲೆ ಅದನ್ನು ಹೊರಗಿಡಲು ಹೇಳಿ ಕೈ ತೊಳೆದುಕೊಂಡರು. ಸ್ಕ್ಯಾನಿಂಗ್ ಮಾಡಿದರು. ಮಗುವಿನ ಎದೆಬಡಿತವನ್ನು ಎಲ್ಲರಿಗೂ ಕೇಳುವಂತೆ ಇಟ್ಟರು. ಕುದುರೆ ಓಡಿದ ಹಾಗೆ ಕೇಳುತ್ತಿತ್ತು.

"ಬಡಿತ ಸರಿ ಉಂಟು. ಬೆಳವಣಿಗೆ ಸಹ ಸರಿ ಉಂಟು."

"ಅಂದ್ರೆ ಏನೂ ಆಗುದಿಲ್ಲ ಅಲ್ವಾ ಡಾಕ್ಟ್ರೇ?" ಎಂದಳು ರಹ್ಮತ್.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ಆ ನೀರು ಇನ್ನು ಮುಟ್ಬೇಡಿ. ಈಗ ಇದಕ್ಕಿಂತ ಹೆಚ್ಚು ನಂಗೆ ಹೇಳ್ಲಿಕ್ಕೆ ಆಗುದಿಲ್ಲ ಅಮ್ಮ. ಹುಟ್ಲಿ. ನೋಡುವ."

ಬಾಗಿಲ ಹೊರಗೆ ನಿಂತಿದ್ದ ಆದಂ ಕುಂಞಿ ಆ ಮಾತು ಕೇಳಿ ಮೆಟ್ಟಿಲ ಮೇಲೆ ಹೋಗಿ ಕೂತರು.

ಮಳೆ ಹಿಡಿಯಿತು. ಅಫ್ರೀದನ ರಜೆ ಮುಗಿದು ಅವನು ಶಾರ್ಜಾಕ್ಕೆ ಹೋದ. ಹೋಗುವ ಮೊದಲು ಮೂಲೆಕೋಣೆಗೆ ಬೀಗ ಹಾಕಿ ಕೀಲಿಯನ್ನು ಉಮ್ಮನ ಕೈಗೆ ಕೊಟ್ಟ. ಹಲಗೆ ಕಿತ್ತು ಹಾಕ್ತೇನೆ ಎಂದು ಅವನು ಅತ್ತರೂ, ಕಿತ್ತರೆ ಆ ತೂತುಗಳು ಮತ್ತೆ ಬಾಯಿ ತೆರೆಯುತ್ತವೆ ಎಂದು ರುಖಿಯಮ್ಮ ಬಿಡಲಿಲ್ಲ. ಕುಡಿಯುವ ನೀರು ಪೂವಮ್ಮನ ಬಾವಿಯಿಂದ. ದಿನಾ ಎರಡು ಸಲ ಕೊಡಪಾನ ಹೊತ್ತು ಗುಡ್ಡ ಹತ್ತಿ ಇಳಿಯುವವರು ಆದಂ ಕುಂಞಿಯವರೇ. ಹೆಂಡತಿಗೆ ಕೊಡಪಾನ ಕೊಡುವಾಗ ಅವರು ಮಾತಾಡುತ್ತಿರಲಿಲ್ಲ, ಅವಳೂ ಆಡುತ್ತಿರಲಿಲ್ಲ.

ಮಳೆ ಜೋರಾಗಿದ್ದ ಒಂದು ದಿನ ರಹ್ಮತ್ ಹೆಣ್ಣುಮಗು ಹೆತ್ತಳು. ಚಂದದ ಮಗು, ತಲೆ ತುಂಬ ಕೂದಲು. ಅತ್ತಿತು, ಹಾಲು ಕುಡಿಯಿತು, ಕೈಕಾಲು ಬಡಿಯಿತು. ನೋಡಲು ಬಂದವರೆಲ್ಲ ಮಾಶಾ ಅಲ್ಲಾಹ್ ಎಂದರು. ಮಂಗಳೂರಿನಿಂದ ಬಂದ ಅಳಿಯ ಹಕೀಮ್ ಮಗುವಿನ ಕಿವಿಯಲ್ಲಿ ನಮಾಜಿನ ಕರೆಯಾದ ಬಾಂಕ್ ಹೇಳಿ ಕಣ್ಣೊರೆಸಿಕೊಂಡ. ಬೀಗ ಹಾಕಿದ ಕೋಣೆಯೊಳಗೆ ಮರದ ನೆಲ ಬೆಚ್ಚಗೆ ಹೊಳೆಯುತ್ತಿದ್ದಿರಬೇಕು. ಬಾಣಂತಿಯೂ ಮಗುವೂ ಮಲಗಿದ್ದು ನಡುಕೋಣೆಯ ಸಿಮೆಂಟು ನೆಲದಲ್ಲಿ, ಚಾಪೆಯ ಮೇಲೆ ಚಾಪೆ, ಅದರ ಮೇಲೆ ಕಂಬಳಿ. ನೆಲ ಬೆವರುತ್ತಿತ್ತು. ರುಖಿಯಮ್ಮ ಹೊತ್ತು ಹೊತ್ತಿಗೆ ಒರೆಸುತ್ತಿದ್ದಳು.

ಪೂವಮ್ಮ ಮಗುವನ್ನು ನೋಡಲು ಬಂದರು, ಕೊಡೆ ಜಗಲಿಯಲ್ಲಿಟ್ಟು, ಒಂದು ಸೋಪು, ಒಂದು ಪುಟ್ಟ ಅಂಗಿ ಹಿಡಿದುಕೊಂಡು. ಮಗಳ ಹತ್ತಿರ ಯಾರನ್ನೋ ಕೂರಿಸಿ ಬಂದಿದ್ದರು, ಬೇಗ ಹೋಗಬೇಕಿತ್ತು. ಚಾಪೆಯ ಪಕ್ಕ ಕೂತು ಕೈ ಒರೆಸಿಕೊಂಡು, ಮಗುವನ್ನು ಎತ್ತುವ ಮೊದಲು ಎಡಗೈಯನ್ನು ಅದರ ಕತ್ತಿನ ಅಡಿಗೆ ತೂರಿಸಿದರು. ಆ ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಕತ್ತು ಜೋಪಾನ," ಎಂದರು.

ಯಾವ ಬಾಣಂತಿಯ ಮನೆಗೆ ಹೋದರೂ ಯಾರಾದರೂ ಹೇಳುವ ಮಾತೇ ಅದು. ಸಫಿಯಾ ಹೌದು ಹೌದು ಎಂದು ಚಾ ಮಾಡಲು ಎದ್ದಳು.

ರಹ್ಮತ್ ಮಗುವನ್ನೇ ನೋಡುತ್ತಾ ಕೇಳಿದಳು: "ಎಷ್ಟು ತಿಂಗಳಿಗೆ ಕತ್ತು ನಿಲ್ಲುದು ಪೂವಮ್ಮಕ್ಕ?"

ಜಗಲಿಯಲ್ಲಿ ಕೊಡಪಾನ ಇಳಿಸುತ್ತಿದ್ದ ಆದಂ ಕುಂಞಿ ಇಳಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಪೂವಮ್ಮ ಮಗುವಿನ ಹಣೆಯ ಕೂದಲು ಸರಿಸಿದರು.

"ಚಿತ್ರಾಕ್ಷಿ ಸಹ ಹುಟ್ಟುವಾಗ ಹೀಗೇ ಇದ್ದದ್ದು, ಕೈಕಾಲು ಬಡೀತಾ," ಎಂದರು. ತಾನು ಅದನ್ನು ಗಟ್ಟಿಯಾಗಿ ಹೇಳಿಬಿಟ್ಟೆ ಎಂದು ಗೊತ್ತಾಗಿ ಮುಖ ಬಾಡಿತು. "ಎಲ್ಲರದ್ದೂ ಹಾಗಲ್ಲ ಮಗಾ. ನಾಲ್ಕು ತಿಂಗಳಿಗೆ ನಿಲ್ತದೆ. ಕೆಲವರದ್ದು ಸ್ವಲ್ಪ ತಡ. ನೋಡುವ."

ಅವರು ಮಗುವನ್ನು ರುಖಿಯಮ್ಮನ ಕೈಗೆ ಕೊಟ್ಟು, ಕೊಡೆ ಬಿಡಿಸಿಕೊಂಡು ಗುಡ್ಡದ ಕಡೆ ಹೋದರು. ರುಖಿಯಮ್ಮ ಮಗುವನ್ನು ಎದೆಗೊತ್ತಿಕೊಂಡು ಕೂತಳು. ಅದು ನಿದ್ದೆಹೋಯಿತು. ಸಫಿಯಾ ತಂದಿಟ್ಟ ಚಾ ಆರಿತು. ಚಾಪೆಯ ಮೇಲೆ ಮಲಗಿಸಿ ಮಾಮಿ, ಕೈ ಸೋಲ್ತದೆ ಎಂದು ಸೊಸೆ ಎರಡು ಸಲ ಹೇಳಿದಳು. ಕತ್ತಿನ ಅಡಿಯಲ್ಲಿದ್ದ ಕೈಯನ್ನು ತೆಗೆಯಲು ರುಖಿಯಮ್ಮನಿಗೆ ಧೈರ್ಯ ಬರಲಿಲ್ಲ.